ಬಾವಿ ಗೋಡೆಯಲ್ಲಿ ಒಂದು ಬಾಗಿಲು

ಆ ಬಾವಿಯ ನಕ್ಷೆಯನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಕರಿ ಮಸಿಯಲ್ಲಿ ಎಳೆದವನು ನಾನು. ಆದ್ದರಿಂದ ಬಾವಿ ನನಗೆ ಚೆನ್ನಾಗಿ ನೆನಪಿರಬೇಕು ಎಂದು ಮನೆಯವರು ತಿಳಿದಿದ್ದಾರೆ. ನಿಜಕ್ಕೂ ನೆನಪಿರುವುದು ನಕ್ಷೆ. ಮೇಲಿನಿಂದ ನೋಡಿದರೆ ಒಂದು ಚೌಕ, ಪಕ್ಕದಿಂದ ಸೀಳಿದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೆರೆ, ನೀರಿನ ಮಟ್ಟ ತೋರಿಸಲು ತುಂಡು ತುಂಡು ಗೆರೆ. ನೀರಿನ ಬಣ್ಣ, ಪಾಚಿಯ ವಾಸನೆ, ಕಲ್ಲಿನ ಮೇಲೆ ಕೊಡ ಉಜ್ಜುವ ಸದ್ದು ಇವನ್ನೆಲ್ಲ ಆಮೇಲೆ ಬೇರೆ ಯಾವುದೋ ಬಾವಿಯಿಂದ ತಂದು ಸೇರಿಸಿಕೊಂಡಿರಬಹುದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಸಂಗತಿಯನ್ನು ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಹೇಳಿದ ಹಾಗೆಲ್ಲ ಅದು ಓರಣವಾಗುತ್ತಾ ಹೋಗಿದೆ. ನಾನು ಅದನ್ನು ಸ್ವಲ್ಪ ಕೆಡಿಸಬೇಕೆಂದಿದ್ದೇನೆ.

ಎಪ್ಪತ್ತರ ದಶಕದ ಕೊನೆ. ಬಳ್ಳಾರಿಯಲ್ಲಿ ಹಳ್ಳಿಗಳ ಕುಡಿಯುವ ನೀರಿನ ಯೋಜನೆ ತಯಾರಿಸುವ ಒಂದು ಕಚೇರಿಯಲ್ಲಿ ನಾನು ನಕ್ಷೆಗಾರನಾಗಿದ್ದೆ. ಬೆವರು ಬಿದ್ದು ಮಸಿ ಹರಡದಂತೆ ಮುಂಗೈ ಕೆಳಗೆ ಟವೆಲ್ಲು ಹಾಕಿಕೊಂಡು ಬಗ್ಗಿ ಕೂತರೆ ಸಂಜೆಗೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಊರೂರಿಗೆ ನೀರು ಹಂಚುವ ಪೈಪುಗಳನ್ನು ಎಳೆದು, ಮನೆಗೆ ಹೋಗಿ ನಳ ತಿರುಗಿಸಿದರೆ ಗಾಳಿ ಬರುತ್ತಿತ್ತು. ಕೌಲ್ ಬಜಾರಿನ ನನ್ನ ಬಾಡಿಗೆ ಕೋಣೆಯಲ್ಲಿ ನೀರು ಬರುವ ದಿನ ಯಾವುದೆಂದು ಮನೆಯೊಡತಿಗೆ ಮಾತ್ರ ಗೊತ್ತಿತ್ತು. ಆಕೆ ಅದನ್ನು ಸುಲಭವಾಗಿ ಹೇಳುತ್ತಿರಲಿಲ್ಲ.

ಕುರುಗೋಡಿಗೂ ಸಿರಿಗೇರಿಗೂ ನಡುವಿನ ಒಂದು ಊರಿಗೆ ನನ್ನ ಅಕ್ಕನನ್ನು ಕೊಟ್ಟಿತ್ತು. ಸುತ್ತಲೂ ಎರೆ ಭೂಮಿ. ಊರೊಳಗಿನ ಬಾವಿಗಳೆಲ್ಲ ಸವಳು. ಆ ನೀರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ. ಕುಡಿಯಲು ಒಂದೇ ಒಂದು ಸಿಹಿನೀರ ಬಾವಿ. ಅದು ಕಲ್ಲು ಕಟ್ಟಿದ ಪಾವಟಿಗೆ ಬಾವಿ. ಹೆಂಗಸರು ಮೆಟ್ಟಿಲಿಳಿದು, ಕೊನೆಯ ಪಾವಟಿಗೆಯ ಮೇಲೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಕೊಡ ಮುಳುಗಿಸಿ ಎತ್ತಿಕೊಂಡು ಬರುತ್ತಿದ್ದರು. ಬಾವಿಗೆ ಅಂಟಿಕೊಂಡ ಹಾಗೆ ಅಕ್ಕನ ಮನೆ.

ಆ ಬಾವಿಯಿಂದಲೇ ಊರಿಗೆ ನಾರುಹುಣ್ಣು. ಈಗಿನವರಿಗೆ ಅದು ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಒಳ್ಳೆಯದು. ಕಾಲಿನ ಮೇಲೆ ಒಂದು ಗುಳ್ಳೆ ಏಳುತ್ತದೆ, ಬೆಂಕಿ ಇಟ್ಟ ಹಾಗೆ ಉರಿಯುತ್ತದೆ, ಒಡೆಯುತ್ತದೆ. ಒಳಗಿನಿಂದ ಬಿಳಿ ದಾರದಂಥ ಹುಳುವಿನ ತುದಿ ಕಾಣುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಮೆಲ್ಲಗೆ ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಬಾತು, ಕೀವಾಗಿ, ಮನುಷ್ಯ ಮಳೆಗಾಲ ಮುಗಿಯುವವರೆಗೆ ಏಳುವುದಿಲ್ಲ. ನಮ್ಮ ಭಾವನಿಗೆ ಅದು ಬಂದು ಬಿತ್ತನೆಯ ಹೊತ್ತಿಗೆ ಹಾಸಿಗೆ ಹಿಡಿದದ್ದು ಒಂದಕ್ಕಿಂತ ಹೆಚ್ಚು ಸಲ. ನಾಲ್ಕೆಂದು ಅಕ್ಕ, ಎರಡೆಂದು ಭಾವ.

ಆರೋಗ್ಯ ಇಲಾಖೆಯಿಂದ ಬಂದವರೊಬ್ಬರು ಊರ ಸಾಲೆಯಲ್ಲಿ ಗಾಜಿನ ಬಾಟಲಿಯಲ್ಲಿ ಬಾವಿಯ ನೀರು ಹಿಡಿದು, ಬೆಳಕಿಗೆ ಎತ್ತಿ ತೋರಿಸಿದ್ದರಂತೆ. ಚುಕ್ಕೆಯಂಥ ಸಣ್ಣ ಜೀವಿಗಳು ನೀರಿನಲ್ಲಿ ಕುಪ್ಪಳಿಸುತ್ತಿದ್ದವು. ಹುಣ್ಣಿನ ಕಾಲನ್ನು ನೀರಿಗೆ ಇಳಿಸಿದರೆ ಹುಳು ಮರಿ ಹಾಕುತ್ತದೆ, ಆ ಮರಿಗಳನ್ನು ಈ ಚುಕ್ಕೆಗಳು ನುಂಗುತ್ತವೆ, ಚುಕ್ಕೆಗಳನ್ನು ನಾವು ಕುಡಿಯುತ್ತೇವೆ, ಈ ಬೇಸಿಗೆಯಲ್ಲಿ ಕುಡಿದದ್ದು ಮುಂದಿನ ಬೇಸಿಗೆಯಲ್ಲಿ ಕಾಲಿನಿಂದ ಹೊರಬರುತ್ತದೆ ಎಂದು ವಿವರಿಸಿದ್ದರು. ಊರಿನವರು ಮರ್ಯಾದೆಯಿಂದ ಕೇಳಿ ಚಹಾ ಕೊಟ್ಟು ಕಳಿಸಿದರು. ವರ್ಷದ ಹಿಂದೆ ಕುಡಿದ ನೀರಿನಿಂದ ಇವತ್ತು ಕಾಲು ಉರಿಯುತ್ತದೆ ಎಂದರೆ ನಂಬುವುದು ಹೇಗೆ? ನಾನು ಕೂಡ ಆಗ ಪೂರ್ತಿ ನಂಬಿರಲಿಲ್ಲ.

ಅಕ್ಕ ನಂಬಿದಳು. ಅವಳಿಗೆ ಐದಾರು ವರ್ಷದ ಮಗಳಿದ್ದಳು. ಹುಡುಗಿಗೆ ಇನ್ನೂ ಒಂದು ಸಲವೂ ಹುಣ್ಣಾಗಿರಲಿಲ್ಲ. ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ: ಅದು ಹಾಗೆಯೇ ಉಳಿಯಬೇಕು. ಹಳೆಯ ಸೀರೆಯನ್ನು ಎರಡು ಪದರ ಮಾಡಿ ಕೊಡದ ಬಾಯಿಗೆ ಬಿಗಿದು ಮನೆಗೆ ಬಂದ ನೀರನ್ನೆಲ್ಲ ಸೋಸುತ್ತಿದ್ದಳು. ಅವಳ ಅತ್ತೆ ನೋಡುತ್ತಿದ್ದರು.

"ನೀರು ಸೋಸಿದ್ರ ನೀರ ಬರ್ತೈತಿ. ಮತ್ತೇನು ಹಾಲು ಬರ್ತೈತಾ?" ಎಂದು ಆ ಮುದುಕಿ ನನ್ನ ಮುಂದೆಯೇ ಕೇಳಿದ್ದರು.

"ಬರ್ಲಿ ಬಿಡ್ರಿ ಅತ್ತಿ. ನನ್ನ ಸೀರಿ, ನನ್ನ ಕೈ," ಎಂದಳು ಅಕ್ಕ.

ಅತ್ತೆ ಕೆಟ್ಟವರಲ್ಲ. ಅಕ್ಕನ ಮಾತಿನಲ್ಲಿ ಆಗೀಗ ಅವರು ಕೆಟ್ಟವರಾಗುತ್ತಾರೆ, ಕತೆಗೆ ಅದು ಅನುಕೂಲ. ಮಗ ಉರಿಯಿಂದ ಒದ್ದಾಡುವಾಗ ತೊಡೆಯ ಮೇಲೆ ಅವನ ಕಾಲಿಟ್ಟುಕೊಂಡು ದಿನಾ ಆ ದಾರವನ್ನು ಕಡ್ಡಿಗೆ ಸುತ್ತಿದವರು ಅವರೇ. ಊರಿನಲ್ಲಿ ಯಾರಿಗೇ ಹುಣ್ಣಾದರೂ ಕರೆಯುತ್ತಿದ್ದದ್ದು ಅವರನ್ನೇ.

ಊರಿಗೆ ನಳದ ಯೋಜನೆ ಬಂದಾಗ ಅದು ನನ್ನ ಮೇಜಿಗೂ ಬಂತು. ನಾನೇ ಸಾಹೇಬರಿಗೆ ಹೇಳಿ ತರಿಸಿದೆ ಎಂದು ಅಕ್ಕ ಹೇಳಿಕೊಳ್ಳುತ್ತಿದ್ದಳು. ನಾನು ಅಲ್ಲಗಳೆಯಲಿಲ್ಲ. ನಿಜವೆಂದರೆ ಅರ್ಜಿ ನಾನು ಕೆಲಸಕ್ಕೆ ಸೇರುವ ಮೊದಲೇ ಬಂದು ಕೂತಿತ್ತು.

ಯೋಜನೆ ಸರಳವಾಗಿತ್ತು. ತುಂಗಭದ್ರೆಯ ಕಾಲುವೆ ಊರಿಗೆ ತುಸು ದೂರದಲ್ಲೇ ಹಾದುಹೋಗುತ್ತಿತ್ತು. ಕಾಲುವೆಯಿಂದ ಒಂದು ಹೊಸ ಕೆರೆಗೆ ನೀರು ತುಂಬಿಸಿಕೊಳ್ಳುವುದು, ಮರಳಿನ ತೊಟ್ಟಿಯಲ್ಲಿ ಸೋಸುವುದು, ಎತ್ತರದ ಟ್ಯಾಂಕಿಗೆ ಏರಿಸುವುದು, ಓಣಿಗೊಂದು ನಳ. ಹಿರಿಯ ಇಂಜಿನಿಯರರು ಹಳೆಯ ಬಾವಿಯ ಸುತ್ತ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಅದನ್ನು ಮಣ್ಣು ಹಾಕಿ ಮುಚ್ಚುವುದು ಎಂದರು. ಕಾಯಿಲೆಯ ಬಾವಿ, ಇರುವುದೇ ಬೇಡ.

ಅವರ ಕೈಕೆಳಗೆ ಹಾಸನದ ಕಡೆಯಿಂದ ಬಂದ ಒಬ್ಬ ಕಿರಿಯ ಇಂಜಿನಿಯರ್ ಇದ್ದ. ನನ್ನದೇ ವಯಸ್ಸು. ಅವನು ತಕರಾರು ತೆಗೆದ.

"ಬೇಸಿಗೆಯಲ್ಲಿ ಕಾಲುವೆ ರಿಪೇರಿಗೆ ಅಂತ ನಿಲ್ಲಿಸ್ತಾರಲ್ಲ ಸಾರ್. ಕೆರೆ ನೀರು ಅಲ್ಲಿವರೆಗೆ ಬಾಳುತ್ತೆ ಅಂತ ಏನು ಗ್ಯಾರಂಟಿ?"

"ಲೆಕ್ಕ ಹಾಕಿಯೇ ಕೆರೆ ಅಳತೆ ಕೊಟ್ಟಿದ್ದೀನಿ."

"ಕೆರೆ ಬಾಳಿದ್ರೂ ಪೈಪು ಬಾಳಬೇಕಲ್ಲ ಸಾರ್. ಪಂಪು ಕೆಟ್ಟರೆ? ಕರೆಂಟಿಲ್ಲದೇ ಹೋದರೆ? ಒಂದೇ ದಾರಿ ಇಟ್ಟುಕೊಂಡರೆ ಅದು ಮುಚ್ಚಿದ ದಿನ ಊರು ಏನು ಮಾಡುತ್ತೆ?"

ಹಿರಿಯರು ಸಿಟ್ಟಾಗಲಿಲ್ಲ. ಸಿಗರೇಟು ಹಚ್ಚಿ, ನಕ್ಷೆಯನ್ನು ತಿರುಗಿಸಿ ನೋಡಿ, "ಸರಿ, ಬಾವಿ ಇರಲಿ. ಮೆಟ್ಟಿಲು ಮುಚ್ಚು," ಎಂದರು. ಹಾಗೆ ತೀರ್ಮಾನವಾಯಿತು. ಬಾವಿಯ ನಾಲ್ಕೂ ಕಡೆ ಎದೆಮಟ್ಟ ಗೋಡೆ ಕಟ್ಟುವುದು, ನಾಲ್ಕೂ ಬದಿಗೆ ಗಡಗಡೆ ಇಡುವುದು, ಹಗ್ಗದಿಂದ ಸೇದುವುದು. ಯಾರ ಕಾಲೂ ನೀರು ಮುಟ್ಟುವುದಿಲ್ಲ. ಕಾಲು ಮುಟ್ಟದಿದ್ದರೆ ಹುಳುವಿಗೆ ದಾರಿ ಇಲ್ಲ. ನಳ ನಿಂತ ದಿನ ಬಾವಿ ಇರುತ್ತದೆ, ಬಾವಿ ಇರುವ ದಿನ ಕಾಯಿಲೆ ಇರುವುದಿಲ್ಲ. ನಾನು ಎಳೆದ ನಕ್ಷೆಗಳಲ್ಲೆಲ್ಲ ಇಷ್ಟು ಚೊಕ್ಕವಾದದ್ದು ಇನ್ನೊಂದಿರಲಿಲ್ಲ.

ಊರಿನಲ್ಲಿ ಅದನ್ನು ತೋರಿಸಲು ಕಿರಿಯ ಇಂಜಿನಿಯರ್ ಹೋದಾಗ ನಾನೂ ಜೀಪಿನಲ್ಲಿ ಹೋದೆ. ಬೇವಿನ ಮರದ ಕಟ್ಟೆಯ ಮೇಲೆ ಗಂಡಸರು, ಪಕ್ಕದ ಜಗಲಿಯ ಮೇಲೆ ಹೆಂಗಸರು. ನಕ್ಷೆಯನ್ನು ಹಾಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟೆವು. ನಳ ಎಂದಾಗ ಎಲ್ಲರೂ ಒಪ್ಪಿದರು. ಗೋಡೆ ಎಂದಾಗ ಊರ ಹಿರಿಯರೊಬ್ಬರು ಕೆಮ್ಮಿದರು.

"ಗೋಡಿ ಕಟ್ರಿ ಸಾಹೇಬ್ರ, ಬ್ಯಾಡ ಅನ್ನಂಗಿಲ್ಲ. ಆದ್ರ ಬಾಣಂತಿ ಗಂಗಿ ಪೂಜಿ ಎಲ್ಲಿ ಮಾಡ್ಬೇಕು?"

ಕಿರಿಯ ಇಂಜಿನಿಯರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಹೆತ್ತವಳು ಮತ್ತೆ ನೀರು ಹೊರುವ ಮೊದಲು ಐದು ಜನ ಮುತ್ತೈದೆಯರ ಜೊತೆ ಬಾವಿಗೆ ಹೋಗಬೇಕು. ನೀರಿನ ಅಂಚಿನಲ್ಲಿ ಐದು ಕಲ್ಲುಗಳನ್ನು ಇಟ್ಟು, ಸುಣ್ಣ ಕುಂಕುಮ ಹಚ್ಚಿ, ಗುಗ್ಗರಿ ಎಡೆ ಮಾಡಿ, ನೀರಿನಲ್ಲಿ ಕಾಲಿಟ್ಟು, ಮೊದಲ ಕೊಡ ತುಂಬಿಕೊಂಡು ಮನೆಗೆ ಬರಬೇಕು. ಅದಾಗುವವರೆಗೆ ಅವಳು ಬಾಣಂತಿಯೇ.

"ಮೇಲೆ ನಿಂತೇ ಮಾಡಬಹುದಲ್ಲ?" ಎಂದ ಅವನು.

ಜಗಲಿಯಿಂದ ಅಕ್ಕನ ಅತ್ತೆ ಉತ್ತರ ಕೊಟ್ಟರು. "ನಿಮ್ಮ ಕಡೀ ದೇವರ ತಲಿ ಮ್ಯಾಲ ನಿಂತು ದೇವರಿಗೆ ಕೈ ಮುಗೀತಾರೇನ್ರಿ?"

ಕಟ್ಟೆಯವರು ನಕ್ಕರು. ಅವನೂ ನಕ್ಕ. ಆಮೇಲೆ ಯಾರೋ, ಯಾರೆಂದು ನನಗೆ ನೆನಪಿಲ್ಲ, ದಾರಿ ತೋರಿಸಿದರು.

"ಹಂಗಾರ ಗೋಡ್ಯಾಗ ಒಂದು ಸಣ್ಣ ಬಾಗಲಾ ಇಡ್ರಿ. ಕೀಲಿ ಹಾಕೂಣು. ಬಾಣಂತಿಗೆ ಅಷ್ಟ ತೆಗಿಯೂದು, ಮತ್ತ ಹಾಕೂದು."

ಎಲ್ಲರಿಗೂ ಸಮಾಧಾನವಾಯಿತು. ಬಾವಿಗೆ ಹತ್ತಿರದ ಮನೆಯವರೆಂದು ಬೀಗದ ಕೈ ಅಕ್ಕನ ಅತ್ತೆಯ ಹತ್ತಿರ ಇರಬೇಕೆಂದಾಯಿತು. ಕಿರಿಯ ಇಂಜಿನಿಯರ್ ಅಲ್ಲೇ ಪೆನ್ಸಿಲ್ಲಿನಲ್ಲಿ ಗೋಡೆಯನ್ನು ಒಂದು ಕಡೆ ಕತ್ತರಿಸಿದ. ಬಳ್ಳಾರಿಗೆ ಬಂದು ನಾನು ಅದನ್ನು ಮಸಿಯಲ್ಲಿ ತಿದ್ದಿದೆ.

ಅಕ್ಕ ಆ ದಿನ ಜಗಲಿಯ ಮೇಲೆ ಮಗಳನ್ನು ಕೂರಿಸಿಕೊಂಡು ಕೇಳುತ್ತಿದ್ದಳು. ನಾನು ಜೀಪು ಹತ್ತುವಾಗ, "ಕೀಲಿ ಎಷ್ಟು ದಿನ ಇರ್ತೈತಿ ನೋಡ್ತೀನಿ," ಎಂದಳು.

ಈ ಭಾಗವನ್ನು ನಾನು ಇಷ್ಟಕ್ಕೇ ನಿಲ್ಲಿಸಿದರೆ ಅದು ಪೂಜೆಯ ಮಾತಾಗಿ ಉಳಿಯುತ್ತದೆ. ಮನೆಯವರೆಲ್ಲ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಊರ ದಕ್ಷಿಣಕ್ಕೆ ಕೇರಿ ಇತ್ತು. ಕೇರಿಯ ಹೆಂಗಸರು ಆ ಮೆಟ್ಟಿಲುಗಳನ್ನು ಇಳಿಯುವಂತಿರಲಿಲ್ಲ. ಮೇಲೆ ಕೊಡ ಇಟ್ಟುಕೊಂಡು ಕಾಯಬೇಕು. ಇಳಿದವರಲ್ಲಿ ಯಾರಿಗಾದರೂ ಮನಸ್ಸು ಬಂದರೆ ಎತ್ತರದಿಂದ ಸುರಿಯುತ್ತಿದ್ದರು. ನಾಲ್ಕೂ ಬದಿಗೆ ಗಡಗಡೆ ಎಂದರೆ ದಕ್ಷಿಣದ ಬದಿಗೂ ಗಡಗಡೆ. ಯಾರ ಹಗ್ಗ ಬೇಕಾದರೂ ನೀರಿಗೆ ಇಳಿಯುತ್ತದೆ. ಕಟ್ಟೆಯ ಮೇಲೆ ಆ ಮಾತನ್ನು ಒಬ್ಬರೂ ಆಡಲಿಲ್ಲ. ಬಾಗಿಲು ಬೇಕೆಂದವರಲ್ಲಿ ಎಷ್ಟು ಜನರಿಗೆ ಬಾಣಂತಿಯ ಚಿಂತೆ ಇತ್ತು, ಎಷ್ಟು ಜನರಿಗೆ ತಮ್ಮದೇ ಮೆಟ್ಟಿಲು ಉಳಿಯಬೇಕೆಂದಿತ್ತು ಎಂದು ಈಗ ಬಿಡಿಸಿ ಹೇಳುವುದು ಸಾಧ್ಯವಿಲ್ಲ. ಎರಡೂ ಒಂದೇ ಬಾಯಲ್ಲಿ ಇದ್ದಿರಬಹುದು.

ಕೆಲಸ ಮುಗಿಯಿತು. ಗೋಡೆ ಎದ್ದಿತು, ನಾಲ್ಕು ಗಡಗಡೆ ಬಂದವು, ಸಣ್ಣ ಮರದ ಬಾಗಿಲಿಗೆ ಬೀಗ ಬಿತ್ತು. ನಳದಲ್ಲಿ ಮೊದಲ ಸಲ ನೀರು ಬಂದ ದಿನ ಅಕ್ಕನ ಅತ್ತೆ ನಳಕ್ಕೆ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದರು. ಚಳಿಗಾಲವಿಡೀ ನಳದ ನೀರು ಚೆನ್ನಾಗಿ ಬಂತು. ಬ್ಲೀಚಿಂಗ್ ಪೌಡರಿನ ವಾಸನೆಗೆ ಕೆಲವರು ಮೂಗು ಮುರಿದರು, ಆಮೇಲೆ ರೂಢಿಯಾಯಿತು.

ಬೇಸಿಗೆ ಬಂದಾಗ ಎರೆ ನೆಲ ಬಿರಿಯಿತು. ಎರೆ ಮಣ್ಣಿನ ಗುಣವೇ ಅದು, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಬಿರುಕಿನಲ್ಲಿ ಮೊಣಕೈವರೆಗೆ ಕೈ ಹೋಗುತ್ತಿತ್ತು. ನೆಲದ ಜೊತೆ ಪೈಪಿನ ಕೂಡುಗಳೂ ಬಿಟ್ಟುಕೊಂಡವು. ಪೈಪಿನ ಕೆಳಗೆ ಮರಳು ಹಾಸಬೇಕೆಂದು ನಕ್ಷೆಯಲ್ಲಿ ಬರೆದಿತ್ತು. ಕೆಲವು ಕಡೆ ಹಾಸಿದ್ದರು, ಕೆಲವು ಕಡೆ ಇಲ್ಲ. ಕೆರೆಯಲ್ಲಿದ್ದ ನೀರು ಊರಿಗೆ ಬರುವ ಬದಲು ದಾರಿಯಲ್ಲೇ ಹೊಲ ಕುಡಿಯಿತು. ಅಷ್ಟರಲ್ಲಿ ಕಾಲುವೆಯೂ ನಿಂತಿತು. ಕೆರೆ ತಳ ಕಂಡಿತು.

ಊರು ಬಾವಿಗೆ ಬಂತು. ಬಾವಿಯನ್ನು ಉಳಿಸಿಕೊಂಡದ್ದು ಇಂಥ ದಿನಕ್ಕೇ. ಆದರೆ ಗಡಗಡೆಯಲ್ಲಿ ಒಂದು ಕೊಡ ಸೇದುವ ಹೊತ್ತಿಗೆ ಮೆಟ್ಟಿಲಿಳಿದವಳು ಎರಡು ಕೊಡ ತುಂಬುತ್ತಾಳೆ. ಹಗ್ಗ ಹರಿದವು. ಸರದಿಗೆ ಜಗಳವಾಯಿತು. ಮೊಟ್ಟಮೊದಲು ಬಾಗಿಲು ತೆಗೆದದ್ದು ಕೈಯಲ್ಲಿ ಶಕ್ತಿಯಿಲ್ಲದ ಒಬ್ಬ ಮುದುಕಿಗಾಗಿ. ಅದು ತಪ್ಪೆಂದು ಯಾರು ಹೇಳುತ್ತಾರೆ? ಆಮೇಲೆ ಬಸುರಿಯೊಬ್ಬಳಿಗೆ. ಆಮೇಲೆ ಕೈಗೆ ಬಟ್ಟೆ ಸುತ್ತಿಕೊಂಡ ಇನ್ನೊಬ್ಬಳಿಗೆ. ಕೆಲವೇ ದಿನಗಳಲ್ಲಿ ಅಕ್ಕನ ಅತ್ತೆ ಬೀಗ ಹಾಕಿ ತೆಗೆದು ಬೇಸತ್ತು, ಬೀಗವನ್ನು ಕೊಂಡಿಗೆ ತೂಗುಹಾಕಿ ಬಿಟ್ಟರು. ಬಾಣಂತಿಗೆಂದು ಇಟ್ಟ ಬಾಗಿಲಿನಿಂದ ಒಬ್ಬ ಬಾಣಂತಿಯೂ ಇಳಿಯದೆ ಅರ್ಧ ಊರು ಇಳಿಯಿತು. ಕೇರಿಯವರು ಮಾತ್ರ ದಕ್ಷಿಣದ ಗಡಗಡೆಯಲ್ಲಿ ಸೇದುತ್ತಿದ್ದರು.

ಅದೇ ಬೇಸಿಗೆಯಲ್ಲಿ ಭಾವನಿಗೆ ಮತ್ತೆ ಹುಣ್ಣಾಯಿತು. ಹಿಂದಿನ ವರ್ಷದ ನೀರು. ಉರಿ ತಡೆಯಲಾರದೆ ಅವನು ಕೂಗಾಡುವಾಗ ಅವನ ತಾಯಿ ಹೆಗಲು ಕೊಟ್ಟು, ಆ ಬಾಗಿಲಿನಿಂದ ಮೆಲ್ಲಗೆ ಇಳಿಸಿ, ಕೊನೆಯ ಪಾವಟಿಗೆಯ ಮೇಲೆ ಕೂರಿಸಿ ಕಾಲನ್ನು ತಣ್ಣೀರಿಗೆ ಇಳಿಬಿಟ್ಟರು. ತಲೆತಲಾಂತರದಿಂದ ಮಾಡುತ್ತಾ ಬಂದದ್ದು ಅದನ್ನೇ. ನೀರಿಗೆ ಇಳಿಸಿದ ಕ್ಷಣ ಉರಿ ಹೋಗುತ್ತದೆ. ಅಕ್ಕ ಗೋಡೆಯ ಮೇಲಿನಿಂದ ನೋಡಿದಳು. ಆಗ ಅವಳು ಎರಡನೆಯ ಸಲ ಬಸುರಿ.

"ಅತ್ತೀ, ಆ ನೀರು ನಾವ ಕುಡಿಯೂದು."

"ನನ್ನ ಮಗ ಸಾಯಾಕತ್ಯಾನ. ನೀನು ನೀರಿನ ಚಿಂತಿ ಮಾಡು."

"ಸಾಯಂಗಿಲ್ಲ. ಮುಂದಿನ ವರ್ಷ ಮತ್ತೊಬ್ಬರನ್ನ ಹಿಂಗ ಕುಂದ್ರಸ್ತೀರಿ."

ಭಾವ ಕಣ್ಣು ಮುಚ್ಚಿಕೊಂಡು, "ಇಬ್ರೂ ಸುಮ್ನಿರ್ರಿ, ಒಂದ ಗಳಿಗಿ," ಎಂದನಂತೆ.

ಅವತ್ತು ಸಂಜೆಯೋ ಮರುದಿನವೋ ಮಗಳ ಲಂಗದ ಅಂಚು ಒದ್ದೆಯಾಗಿದ್ದನ್ನು ಅಕ್ಕ ಕಂಡಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ಹುಡುಗಿ ಗೆಳತಿಯರ ಜೊತೆ ಬಾಗಿಲಿನಿಂದ ಇಳಿದು, ಬೊಗಸೆಯಲ್ಲಿ ನೀರು ಕುಡಿದು ಬಂದಿದ್ದಳು. ಆಡಿ ದಣಿದಿದ್ದರು, ಬಾಗಿಲು ತೆರೆದಿತ್ತು. ಅಕ್ಕ ಹೊಡೆಯಲಿಲ್ಲ. ಹೊಡೆದಳು ಎಂದು ಹುಡುಗಿ ಹೇಳುತ್ತಾಳೆ.

ಆ ಊರಿನ ಪೈಪು ಸರಿಮಾಡುವ ಕೆಲಸಕ್ಕೆ, ನಕ್ಷೆ ಗೊತ್ತಿದ್ದವನೆಂದು, ನಾನು ಪದೇಪದೇ ಹೋಗತೊಡಗಿದ್ದು ಆಗ. ಅಕ್ಕ ಊಟಕ್ಕೆ ಬಡಿಸುತ್ತಾ ಕೇಳಿದಳು.

"ಆ ಬಾಗಲಾ ಮುಚ್ಚಸಾಕ ಬರಂಗಿಲ್ಲೇನು ನಿಮ್ಮ ಸಾಹೇಬರಿಗೆ?"

"ಊರವರು ಬೇಕಂದದ್ದು ಅಕ್ಕಾ. ಈಗ ಮುಚ್ಚಿದ್ರ ಒಡೀತಾರ."

"ಪೂಜಿ ಸಲುವಾಗಿ ಬೇಕಂದದ್ದು."

"ಹೌದು."

"ಪೂಜಿ ಮ್ಯಾಲ ಆದ್ರ?"

ಅವಳು ಇನ್ನೊಂದು ರೊಟ್ಟಿ ಹಾಕಿದಳು. ಮನೆಯವರು ಹೇಳುವ ಕತೆಯಲ್ಲಿ ಆ ಉಪಾಯ ಕೊಟ್ಟವನು ನಾನು. ಅಲ್ಲ. ನಾನು ರೊಟ್ಟಿ ತಿಂದೆ.

ಮಳೆಗಾಲ ಕಳೆದು, ಕಾಲುವೆ ತುಂಬಿ ಹರಿದು, ನಳಗಳು ಮತ್ತೆ ಸುರುವಾದ ಮೇಲೆ ಅಕ್ಕನಿಗೆ ಗಂಡು ಮಗುವಾಯಿತು. ಮೊದಲ ಹೆರಿಗೆ ಸಿರುಗುಪ್ಪದಲ್ಲಿ ನಮ್ಮ ಅವ್ವನ ಹತ್ತಿರ ಆಗಿತ್ತು. ಎರಡನೆಯದು ಗಂಡನ ಮನೆಯಲ್ಲೇ. ಗೋಡೆ ಕಟ್ಟಿದ ಮೇಲೆ ಆ ಓಣಿಯಲ್ಲಿ ಮೊದಲ ಬಾಣಂತಿ ಅವಳೇ. ಗಂಗಿ ಪೂಜೆಯ ದಿನ ನಾನು ಆ ಊರಿನಲ್ಲೇ ಇದ್ದೆ, ಟ್ಯಾಂಕಿನ ಹತ್ತಿರ ಪೈಪಿನ ಕೂಡು ತೆಗೆಸುತ್ತಿದ್ದೆ. ಅಲ್ಲಿಂದ ಬಾವಿ ಕಾಣುತ್ತದೆ. ಗಂಡಸರು ಆ ಪೂಜೆಯ ಹತ್ತಿರ ಹೋಗುವುದಿಲ್ಲ. ನನಗೆ ಕಂಡದ್ದು ಗೋಡೆಯ ಪಕ್ಕ ನಿಂತ ಹೆಂಗಸರ ಸೀರೆಗಳು, ಗಾಳಿಗೆ ಆರುತ್ತಿದ್ದ ದೀಪವನ್ನು ಯಾರೋ ಮತ್ತೆ ಮತ್ತೆ ಹಚ್ಚುತ್ತಿದ್ದದ್ದು. ಮಾತು ಕೇಳಿಸಲಿಲ್ಲ. ಮುಂದಿನದು ಆಮೇಲೆ ಅವರಿವರ ಬಾಯಿಂದ ಬಂದದ್ದು.

ಐದು ಜನ ಮುತ್ತೈದೆಯರು ಬಾಗಿಲಿನ ಹತ್ತಿರ ಹೋದರು. ಅಕ್ಕ ಹೋಗಲಿಲ್ಲ. ಗಡಗಡೆಗೆ ಹಗ್ಗ ಹಾಕಿ, ಬಾಣಂತಿ ಮೈಯಲ್ಲಿ ತಾನೇ ಒಂದು ಕೊಡ ಸೇದಲು ಹೊರಟಳು. ಪಕ್ಕದ ಮನೆಯವಳು ಹಗ್ಗ ಕಸಿದುಕೊಂಡು ತಾನು ಸೇದಿಕೊಟ್ಟಳು. ಅಕ್ಕ ಕೊಡವನ್ನು ಗೋಡೆಯ ಬುಡದಲ್ಲಿಟ್ಟು, ಅದರ ಮುಂದೆ ಕಲ್ಲುಗಳನ್ನು ಜೋಡಿಸತೊಡಗಿದಳು.

"ಏನಿದು?" ಎಂದರು ಅತ್ತೆ.

"ಗಂಗವ್ವ ಮ್ಯಾಲ ಬಂದಾಳ, ಅತ್ತಿ. ಆಕಿನ ಮ್ಯಾಲ ಬಂದ ಮ್ಯಾಲೆ ನಾ ಯಾಕ ಕೆಳಗ ಹೋಗ್ಲಿ?"

"ನೀರಾಗ ಕಾಲಿಡಬೇಕು ನೀನು."

ಅಕ್ಕ ಕೊಡ ಬಗ್ಗಿಸಿ ತನ್ನ ಪಾದದ ಮೇಲೆ ನೀರು ಸುರಿದುಕೊಂಡಳು. "ಇಟ್ಟಿನಿ. ನಳ ಬಂದ ದಿನ ನೀವು ನಳಕ್ಕ ಕಾಯಿ ಒಡದ್ರೆಲ್ಲ, ಅವತ್ತು ಯಾವ ಪಾವಟಿಗಿ ಇಳದಿದ್ರಿ?"

ಐವರಲ್ಲಿ ಒಬ್ಬಳು ಸೆರಗು ಬಾಯಿಗೆ ಹಿಡಿದು ನಕ್ಕಳಂತೆ. ಇನ್ನೊಬ್ಬಳು, "ಗುಗ್ಗರಿ ಆರ್ತಾವ, ಏನಾರ ಒಂದು ಮಾಡ್ರೆವ್ವಾ," ಎಂದಳಂತೆ.

ಅತ್ತೆ ಆಗ ಏನು ಮಾಡಿದರು ಎಂಬುದಕ್ಕೆ ಮೂರು ಹೇಳಿಕೆಗಳಿವೆ. ಸಿಟ್ಟಿನಿಂದ ಬೀಗದ ಕೈಯನ್ನು ಬಾವಿಗೆ ಎಸೆದರು ಎಂದು ಪಕ್ಕದ ಮನೆಯವಳು. ಎಸೆಯಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕಲ್ಲುಗಳಿಗೆ ತಾವೇ ಸುಣ್ಣ ಹಚ್ಚಿದರು ಎಂದು ಅಕ್ಕ. ಬಹಳ ವರ್ಷಗಳಾದ ಮೇಲೆ ನಾನು ಅತ್ತೆಯನ್ನೇ ಕೇಳಿದಾಗ ಅವರು, "ಕೀಲಿಕೈ ಅವತ್ತು ನಾ ಮನ್ಯಾಗ ಮರತು ಹೋಗಿದ್ನಿ ತಮ್ಮಾ. ಕೀಲಿಕೈ ಇಲ್ದ ಇಳಿಯೂದು ಹ್ಯಾಂಗ? ಮ್ಯಾಲ ಮಾಡಿ ಮುಗಸಿದ್ವಿ," ಎಂದರು. ಬೀಗ ಬೇಸಿಗೆಯಿಂದಲೂ ಕೊಂಡಿಗೆ ಸುಮ್ಮನೆ ತೂಗುತ್ತಿತ್ತಲ್ಲ, ಬೀಗದ ಕೈ ಏತಕ್ಕೆ ಬೇಕಿತ್ತು ಎಂದು ನಾನು ಕೇಳಬಹುದಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಮೂರರಲ್ಲಿ ಯಾವುದು ನಿಜವಾದರೂ ಪೂಜೆ ಮೇಲೆಯೇ ಆಯಿತು. ಅಕ್ಕ ತುಂಬಿದ ಕೊಡ ಹೊತ್ತು ಮನೆಗೆ ಹೋದಳು. ಮಗುವಿಗೂ ತಾಯಿಗೂ ಏನೂ ಆಗಲಿಲ್ಲ. ಊರು ಸ್ವಲ್ಪ ದಿನ ಕಾದು ನೋಡಿತು. ಸಂಕ್ರಾಂತಿಯ ಹೊತ್ತಿಗೆ ಇನ್ನೊಂದು ಮನೆಯ ಬಾಣಂತಿಯ ಪೂಜೆಯೂ ಗೋಡೆಯ ಬುಡದಲ್ಲೇ ನಡೆಯಿತು. ಅದಕ್ಕೆ ಮುಂದೆ ನಿಂತವರು ಅಕ್ಕನ ಅತ್ತೆ. ಈಗ ಬಾಗಿಲಿಗೆ ಯಾರಾದರೂ ಹೇಳಬಹುದಾದ ಕಾರಣ ಉಳಿಯಲಿಲ್ಲ.

ಬೇಸಿಗೆಗೆ ಮುಂಚೆ ಅದನ್ನು ಮುಚ್ಚಲು ಕಿರಿಯ ಇಂಜಿನಿಯರ್ ಸಿರುಗುಪ್ಪದಿಂದ ಒಬ್ಬ ಗೌಂಡಿಯನ್ನು ಕಳಿಸಿದ. ಅವನು ತೆಲುಗು ಬೆರೆಸಿ ಮಾತಾಡುವವನು, ನಾರುಹುಣ್ಣಿಗೆ ನಾರಿಕುರುಪು ಅನ್ನುತ್ತಿದ್ದ. ಮರದ ಬಾಗಿಲು ಕಿತ್ತು, ಕಲ್ಲು ಸಿಮೆಂಟು ಇಟ್ಟು, ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಿದ. ನೋಡಲು ನಿಂತವರಲ್ಲಿ ಒಬ್ಬಾತ ಗೊಣಗಿದ.

"ಆತು ಬಿಡ್ರಿ. ಇನ್ನ ಎಲ್ಲಾರ ಹಗ್ಗಾನೂ ಒಂದ ನೀರಿಗೆ."

ದಕ್ಷಿಣದ ಗಡಗಡೆಯಲ್ಲಿ ಸೇದುತ್ತಿದ್ದ ಕೇರಿಯ ಹೆಂಗಸು ಹಗ್ಗ ಬಿಡದೆ ಹೇಳಿದಳು. "ಮೊದಲೂ ಒಂದ ನೀರಿತ್ರಿ. ನಾವು ಮ್ಯಾಲ ನಿಂತು ಕೇಳ್ತಿದ್ವಿ, ಅಷ್ಟ."

ಆತ ಹೊರಟುಹೋದ. ಆಕೆಯ ಮಾತನ್ನು ನಾನು ನನ್ನ ಕಿವಿಯಿಂದಲೇ ಕೇಳಿದೆ. ಇದೊಂದಕ್ಕೆ ನಾನು ಯಾರ ಸಾಕ್ಷಿಯನ್ನೂ ಕೇಳಬೇಕಾಗಿಲ್ಲ.

ಆ ವರ್ಷ ಪೈಪಿನ ಕೆಳಗೆ ಎಲ್ಲ ಕಡೆ ಮರಳು ಹಾಸಿಸಿದ್ದೆವು. ಕಾಲುವೆ ನಿಲ್ಲುವ ಮೊದಲೇ ಕೆರೆಯನ್ನು ಕಟ್ಟೆಮಟ್ಟ ತುಂಬಿಸಿಕೊಂಡರು. ಆದರೂ ಕೊನೆಯ ವಾರಗಳಲ್ಲಿ ನಳ ನಿಂತಿತು. ಊರು ಬಾವಿಯಿಂದ ಸೇದಿತು. ನಿಧಾನವಾಗಿತ್ತು, ಜಗಳವಿತ್ತು. ಗಡಗಡೆಗಳು ಬೆಳಗಿನಿಂದ ಕಿರುಗುಟ್ಟುತ್ತಿದ್ದವು. ಯಾರೂ ಇಳಿಯಲಿಲ್ಲ, ಇಳಿಯಲು ದಾರಿ ಇರಲಿಲ್ಲ. ಕಚೇರಿಯಲ್ಲಿ ಹಿರಿಯ ಇಂಜಿನಿಯರರು ಈ ಊರನ್ನು ಬೇರೆ ಊರುಗಳಿಗೆ ಮಾದರಿ ಎಂದರು. ರಾರಾವಿ ಕಡೆಯ ಹಳ್ಳಿಗಳಿಗೂ ಇದೇ ನಕ್ಷೆಯನ್ನು, ಬಾಗಿಲಿಲ್ಲದೆ, ಎಳೆಯಲು ನನಗೆ ಹೇಳಿದರು.

ಅಕ್ಕ ಮಾತ್ರ ಆ ಬೇಸಿಗೆ ಸುರುವಾದಾಗಿನಿಂದ ದಿನಾ ಬೆಳಿಗ್ಗೆ ಮಗಳ ಕಾಲುಗಳನ್ನು ನೋಡುತ್ತಿದ್ದಳು. ಹಿಮ್ಮಡಿ, ಮೀನಖಂಡ, ಬೆರಳ ಸಂದು. ಹುಡುಗಿ ಗೆಳತಿಯರ ಮುಂದೆ ನಾಚಿ ಕಾಲೆಳೆದುಕೊಳ್ಳುತ್ತಿದ್ದಳು. ಒದ್ದೆ ಲಂಗದ ದಿನದಿಂದ ಇನ್ನೂ ವರ್ಷ ತುಂಬಿರಲಿಲ್ಲ.

ಒಂದು ಬೆಳಿಗ್ಗೆ ಬಲಗಾಲಿನ ಹರಡಿನ ಗಂಟಿನ ಮೇಲೆ ಗುಳ್ಳೆ ಎದ್ದಿತ್ತು.

ನಾನು ಹೋದಾಗ ಗುಳ್ಳೆ ಒಡೆದು ಎರಡು ಮೂರು ದಿನವಾಗಿತ್ತು. ಹುಡುಗಿ ಪಡಸಾಲೆಯಲ್ಲಿ ಅಜ್ಜಿಯ ತೊಡೆಯ ಮೇಲೆ ಕಾಲಿಟ್ಟು ಮಲಗಿದ್ದಳು. ಅತ್ತೆ ಕಡ್ಡಿಗೆ ದಾರ ಸುತ್ತುತ್ತಿದ್ದರು, ಕಣ್ಣು ಮೇಲೆತ್ತಲಿಲ್ಲ. ಪಕ್ಕದಲ್ಲಿ ಅಗಲವಾದ ತಟ್ಟೆಯಲ್ಲಿ ನೀರು. ಉರಿ ಹೆಚ್ಚಾದಾಗ ಬಟ್ಟೆ ಅದ್ದಿ ಹಿಂಡಿ ಹುಣ್ಣಿನ ಸುತ್ತ ಒತ್ತುತ್ತಿದ್ದರು. ಆಮೇಲೆ ಎದ್ದು, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಿತ್ತಲು ದಾಟಿ, ಬಾವಿಗೆ ಬೆನ್ನಾಗಿ ಹೊಲದ ಕಡೆ ನಡೆದು ಹೋಗಿ ಬಿಸಿಲಿಗೆ ಕಾದ ಬಿರುಕಿನೊಳಗೆ ಸುರಿದು ಬಂದರು. ಯಾರೂ ಅವರಿಗೆ ಹೇಳಿದಂತೆ ಕಾಣಲಿಲ್ಲ.

ಅಕ್ಕ ಒಲೆಯ ಮುಂದಿದ್ದಳು. ನನ್ನನ್ನು ನೋಡಿ, "ಬಾಗಲಾ ಮುಚ್ಚಿದ್ದು ತಡ ಆತು," ಎಂದಳು, ಅಷ್ಟೇ.

ಹುಡುಗಿಯ ಅಳು ನಿಂತಿತ್ತು. ಅವಳ ತಮ್ಮ ಅಂಬೆಗಾಲಿಡುತ್ತಾ ಬಂದು, ಕಡ್ಡಿಯನ್ನು ಹಿಡಿಯಲು ನೋಡಿದ. ಅತ್ತೆ ಅವನನ್ನು ಮೊಣಕೈಯಿಂದ ದೂರ ತಳ್ಳಿದರು.

"ಅಜ್ಜಿ, ಇವಗೂ ಬರ್ತೈತೇನು?" ಎಂದು ಕೇಳಿದಳು ಹುಡುಗಿ.

"ಇವ ಯಾವ ಪಾವಟಿಗಿ ಇಳದಾನ?" ಎಂದರು ಅತ್ತೆ.

ಒಲೆಯ ಕಡೆಯಿಂದ ಅಕ್ಕ ತಿರುಗದೆಯೇ ಹೇಳಿದಳು. "ಇನ್ನೊಂದು ವರ್ಷ ನೋಡೂಣು ತಡೀರಿ."